ದ್ರಾಕ್ಷಿ ಸೀಮೆಯಲ್ಲಿ ಶಾಂಪೇನ್ ಲೆಕ್ಕ

ಡಿಸೆಂಬರ್ ಕೊನೆಯ ವಾರ ನಿಪ್ಪಾಣಿ, ಚಿಕ್ಕೋಡಿಯ ಬೇಕರಿಗಳಲ್ಲಿ ಕೇಕಿನ ಡಬ್ಬಗಳ ಪಕ್ಕ ಬಂಗಾರದ ಬಣ್ಣದ ಹಾಳೆ ಸುತ್ತಿದ ಬಾಟಲಿಗಳು ಸಾಲುಗಟ್ಟುತ್ತವೆ. ಹುಡುಗರು ಅದನ್ನು ಶಾಂಪೇನ್ ಎಂದೇ ಕೇಳುತ್ತಾರೆ, ಅಂಗಡಿಯವರು ಶಾಂಪೇನ್ ಎಂದೇ ಕೊಡುತ್ತಾರೆ. ಒಳಗಿರುವುದು ಸಕ್ಕರೆ ನೀರು, ಸೇಬಿನದೋ ದ್ರಾಕ್ಷಿಯದೋ ಪರಿಮಳ, ಒತ್ತಿ ತುಂಬಿದ ಗ್ಯಾಸು. ಮದ್ಯದ ಹನಿಯೂ ಇಲ್ಲ. ಕುಲುಕಿ, ಬಿರಡೆ ಹಾರಿಸಿ, ಹುಟ್ಟುಹಬ್ಬದವನ ತಲೆಯ ಮೇಲೆ ಸುರಿದರೆ ಅದರ ಕೆಲಸ ಮುಗಿಯಿತು. ಕುಡಿಯುವುದು ಬಿಟ್ಟರೂ ನಷ್ಟವಿಲ್ಲ.

ಇದೇ ಸೀಮೆಯಲ್ಲಿ ಶಾಂಪೇನ್ ಎಂಬ ಹೆಸರಿನಡಿ ಇನ್ನೆರಡು ಬಾಟಲಿಗಳು ಓಡಾಡುತ್ತವೆ. ಒಂದು, ನಾಸಿಕ್ ಕಡೆಯಿಂದ ಬರುವ ದೇಶಿ ಸ್ಪಾರ್ಕ್ಲಿಂಗ್ ವೈನ್. ಇನ್ನೊಂದು, ದುಬೈಯಿಂದಲೋ ಲಂಡನ್ನಿನಿಂದಲೋ ಬರುವ ಮಗನೋ ಅಳಿಯನೋ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡು ತರುವ ಅಸಲಿ ಫ್ರೆಂಚ್ ಮಾಲು. ಕಾನೂನಿನ ಪ್ರಕಾರ ಶಾಂಪೇನ್ ಎಂದು ಕರೆಸಿಕೊಳ್ಳುವ ಹಕ್ಕು ಈ ಕೊನೆಯದಕ್ಕೆ ಮಾತ್ರ. ಫ್ರಾನ್ಸಿನ ಈಶಾನ್ಯ ಮೂಲೆಯಲ್ಲಿ ರ‍್ಯಾನ್ಸ್ ಮತ್ತು ಎಪರ್ನೆ ಪಟ್ಟಣಗಳ ಸುತ್ತ ಹರಡಿರುವ ಸುಮಾರು 34,000 ಹೆಕ್ಟೇರ್ ತೋಟಗಳ ಹಣ್ಣಿನಿಂದ, ಅಲ್ಲಿಯ ನಿಯಮದಂತೆ ಮಾಡಿದರೆ ಮಾತ್ರ ಆ ಹೆಸರು. ಭಾರತದ ಭೌಗೋಳಿಕ ಸೂಚಕ ನೋಂದಣಿಯಲ್ಲೂ ಅದು ಸೇರಿದೆ. ನಮ್ಮ ಕಡೆಯ ಚಪ್ಪಲಿಗೆ ಕೊಲ್ಹಾಪುರಿ ಎಂಬ ಜಿಐ ಹೆಸರು ಸಿಕ್ಕಿದ್ದು ಇದೇ ಕಾನೂನಿನಡಿ.

ಹಾಗಾದರೆ ಅಸಲಿಗಳಲ್ಲಿ ಯಾವುದು ಹೆಚ್ಚು ಅಸಲಿ? ಮೊಯೆಟ್ ಒಳ್ಳೆಯದೋ, ವೂವ್ ಕ್ಲಿಕೊ ಒಳ್ಳೆಯದೋ? ಹತ್ತಾರು ಸಾವಿರ ಕೊಟ್ಟು ಡಾಮ್ ಪೆರಿನ್ಯೋನ್ ಕೊಂಡವನಿಗೆ ನಿಜಕ್ಕೂ ಹತ್ತು ಪಟ್ಟು ರುಚಿ ಸಿಗುತ್ತದೆಯೆ? ಇದಕ್ಕೆ ಉತ್ತರ ಲೇಬಲ್ಲಿನ ಬಣ್ಣದಲ್ಲಿಲ್ಲ. ಯಾವ ದ್ರಾಕ್ಷಿ ಎಷ್ಟು ಪಾಲು, ಬಾಟಲಿ ಎಷ್ಟು ಕಾಲ ನೆಲಮಾಳಿಗೆಯಲ್ಲಿ ಮಲಗಿತ್ತು, ಕೊನೆಗೆ ಎಷ್ಟು ಸಕ್ಕರೆ ಬಿತ್ತು ಎಂಬ ಮೂರು ಲೆಕ್ಕ ತಿಳಿದರೆ ಬ್ರ್ಯಾಂಡಿನ ಅರ್ಧ ಜಂಬ ಇಳಿಯುತ್ತದೆ.

ಮೊದಲು ಗುಳ್ಳೆಯ ವಿಷಯ. ಶಾಂಪೇನಿನ ಗುಳ್ಳೆಯನ್ನು ಹೊರಗಿನಿಂದ ತುಂಬುವುದಿಲ್ಲ. ಹುಳಿಹುಳಿಯಾದ ಸಾದಾ ವೈನನ್ನು ಮೊದಲು ಮಾಡಿ, ಅದನ್ನು ಬಾಟಲಿಗೆ ಹಾಕುವಾಗ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಒಂದಿಷ್ಟು ಯೀಸ್ಟ್ ಸೇರಿಸಿ ಮುಚ್ಚುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಮುಗಿಸುವಷ್ಟರಲ್ಲಿ ಹೊರಬರಲು ದಾರಿಯಿಲ್ಲದ ಇಂಗಾಲದ ಡೈಆಕ್ಸೈಡ್ ವೈನಿನಲ್ಲೇ ಕರಗಿ ಕೂರುತ್ತದೆ, ಆರು ಅಟ್ಮಾಸ್ಫಿಯರ್ ಒತ್ತಡ ಹುಟ್ಟುತ್ತದೆ. ಒಂದು ಬಾಟಲಿಗೆ ಬೇಕಾದ ಸಕ್ಕರೆ ಹೀಗೆ 18 ಗ್ರಾಂ, ಉಗಾರ ಖುರ್ದ ಅಥವಾ ರಾಯಬಾಗದ ಚಹಾದಂಗಡಿಯಲ್ಲಿ ಎರಡು ಕಪ್ಪಿಗೆ ಬೀಳುವಷ್ಟು. ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ನಿಂತು, ತಿಂಗಳುಗಟ್ಟಲೆ ನಿಧಾನವಾಗಿ ಕರಗುತ್ತ ವೈನಿಗೆ ಬ್ರೆಡ್ಡಿನ, ಹುರಿದ ಬಾದಾಮಿಯ ವಾಸನೆ ಕೊಡುತ್ತದೆ. ಕೊನೆಗೆ ಬಾಟಲಿಯನ್ನು ತಲೆಕೆಳಗು ಮಾಡಿ, ಗಸಿಯನ್ನು ಕುತ್ತಿಗೆಗೆ ತಂದು, ಅಲ್ಲೇ ಹೆಪ್ಪುಗಟ್ಟಿಸಿ ಹೊರಗೆಸೆಯುತ್ತಾರೆ. ಖಾಲಿಯಾದ ಜಾಗಕ್ಕೆ ವೈನಿನಲ್ಲಿ ಕರಗಿಸಿದ ಸಕ್ಕರೆ ತುಂಬಿ ಕಾರ್ಕ್ ಬಡಿಯುತ್ತಾರೆ.

ಈ ಕೊನೆಯ ಸಕ್ಕರೆಯೇ ಲೇಬಲ್ಲಿನ ಮೇಲಿನ ಸಣ್ಣ ಪದಗಳ ಗುಟ್ಟು. ಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ಬ್ರೂಟ್, 6ರ ಒಳಗಿದ್ದರೆ ಎಕ್ಸ್‌ಟ್ರಾ ಬ್ರೂಟ್, 32ರಿಂದ 50ರವರೆಗೆ ಡೆಮಿ-ಸೆಕ್. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಶ್ರೀಮಂತರು ಕುಡಿಯುತ್ತಿದ್ದುದು ಪಾನಕದಂಥ ಸಿಹಿ ಶಾಂಪೇನು. 1874ರಲ್ಲಿ ಪೊಮ್ಮೆರಿ ಮನೆತನ ಇಂಗ್ಲಿಷರಿಗಾಗಿ ಸಿಹಿ ಕಡಿಮೆಯ ಒಣ ರುಚಿಯದನ್ನು ಹೊರತಂದ ಮೇಲೆ ಬ್ರೂಟ್ ಎಂಬುದು ರೂಢಿಗೆ ಬಂತು. ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಬೆಳೆದ ನಾಲಗೆಗೆ ಮೊದಲ ಗುಟುಕು ಬ್ರೂಟ್ ಸಪ್ಪೆ ಹುಳಿ ಅನ್ನಿಸುವುದು ಸಹಜ. ಅಂಥವರು ನಾಚಿಕೆಪಡದೆ ಡೆಮಿ-ಸೆಕ್ ಕೇಳಬಹುದು. ಪೇಡೆ, ಖೀರಿನ ಜೊತೆಗೆ ಅದೇ ಸರಿಯಾದ ಜೋಡಿ ಕೂಡ.

ಈಗ ಹೆಸರುವಾಸಿ ಮನೆತನಗಳತ್ತ ಬರಬಹುದು. ಶಾಂಪೇನಿಗೆ ಮುಖ್ಯವಾಗಿ ಮೂರು ದ್ರಾಕ್ಷಿ: ನಿಂಬೆಯ ಚುರುಕು ಕೊಡುವ ಬಿಳಿ ಶಾರ್ಡೊನೆ, ಮೈಕಟ್ಟು ಕೊಡುವ ಕಪ್ಪು ಪಿನೊ ನ್ವಾರ್, ಬೇಗ ಹದಕ್ಕೆ ಬಂದು ಹಣ್ಣಿನ ಮೃದುತನ ತರುವ ಮ್ಯೂನಿಯೆ. 1743ರಲ್ಲಿ ಶುರುವಾದ ಮೊಯೆಟ್ ಆ್ಯಂಡ್ ಶಾಂಡನ್ ಕಂಪನಿಯ ಇಂಪೀರಿಯಲ್ ಜಗತ್ತಿನಲ್ಲಿ ಅತಿ ಹೆಚ್ಚು ಜನ ಬಲ್ಲ ಶಾಂಪೇನು. ಅದರಲ್ಲಿ ಮೂರೂ ದ್ರಾಕ್ಷಿಗಳಿವೆ, ಮ್ಯೂನಿಯೆ ಪಾಲು ದೊಡ್ಡದು. ಹಸಿರು ಸೇಬು, ಪೇರ್ ಹಣ್ಣು, ಮೆತ್ತಗಿನ ನೊರೆ, ಯಾರನ್ನೂ ಎದುರು ಹಾಕಿಕೊಳ್ಳದ ರುಚಿ. ಮದುವೆಮನೆಗೆ ಸರಿ. ಆದರೆ ಒಬ್ಬನೇ ಕೂತು ಆಲೋಚಿಸುತ್ತ ಕುಡಿಯಲು ಅದರಲ್ಲಿ ಅಷ್ಟು ಹೂರಣವಿಲ್ಲ.

ಹಳದಿ ಲೇಬಲ್ಲಿನ ವೂವ್ ಕ್ಲಿಕೊ ಇದಕ್ಕಿಂತ ದಪ್ಪ ದನಿಯದು. ಅದರಲ್ಲಿ ಅರ್ಧಕ್ಕೂ ತುಸು ಹೆಚ್ಚು ಪಿನೊ ನ್ವಾರ್, ಬಾಯಲ್ಲಿ ಬನ್ನಿನ ಘಮ, ತುದಿಯಲ್ಲಿ ಒಂದಿಷ್ಟು ಸಿಹಿ. 1805ರಲ್ಲಿ ಗಂಡ ತೀರಿಕೊಂಡಾಗ 27 ವರ್ಷದವಳಾಗಿದ್ದ ಬಾರ್ಬ್-ನಿಕೋಲ್ ಕ್ಲಿಕೊ ವ್ಯಾಪಾರವನ್ನು ಕೈಗೆತ್ತಿಕೊಂಡು, ಗಸಿಯನ್ನು ಬಾಟಲಿಯ ಕುತ್ತಿಗೆಗೆ ಇಳಿಸುವ ತೂತಿನ ಹಲಗೆಯ ಉಪಾಯವನ್ನು ತನ್ನ ಮಾಳಿಗೆಯಲ್ಲಿ ರೂಢಿಗೆ ತಂದಳು. ಅದಕ್ಕಿಂತ ಮುಂಚೆ ಶಾಂಪೇನ್ ಎಂದರೆ ಕದಡಿದ ಪೇಯ. ಇದು ನಿಜವಾದ ಕತೆ. ಡಾಮ್ ಪೆರಿನ್ಯೋನ್ ಎಂಬ ಸನ್ಯಾಸಿ ಗುಳ್ಳೆಯನ್ನು ಕಂಡುಹಿಡಿದ ಎಂಬುದು ಮಾತ್ರ ಮಾರಾಟಗಾರರು ಹೊಸೆದ ಕತೆ. 1668ರಿಂದ 1715ರಲ್ಲಿ ಸಾಯುವವರೆಗೆ ಓವಿಲೇರ್ ಮಠದ ಉಗ್ರಾಣ ನೋಡಿಕೊಂಡ ಆತ ಒಳ್ಳೆಯ ತೋಟಗಾರ, ಹಣ್ಣು ಬೆರೆಸುವುದರಲ್ಲಿ ನಿಪುಣ. ಬಾಟಲಿ ಒಡೆಯುವ ಗುಳ್ಳೆ ಆತನ ಕಾಲದಲ್ಲಿ ರೋಗವೆಂದೇ ಲೆಕ್ಕ. ಆತನ ಹೆಸರಿನ ಬಾಟಲಿಯನ್ನು ಮೊಯೆಟ್ ಕಂಪನಿ 1921ರ ಸುಗ್ಗಿಯಿಂದ ಮಾಡಿ, 1936ರಲ್ಲಿ ಮಾರುಕಟ್ಟೆಗೆ ಬಿಟ್ಟಿತು.

ಬೊಲ್ಲಿಂಜೆ ಬೇರೆಯೇ ಜಾತಿ. ಆಯ್ ಊರಿನಲ್ಲಿ 1829ರಲ್ಲಿ ಶುರುವಾದ ಈ ಮನೆತನದ ಸ್ಪೆಷಲ್ ಕ್ಯೂವೆಯಲ್ಲಿ 60 ಪ್ರತಿಶತ ಪಿನೊ ನ್ವಾರ್. ಒಂದು ಪಾಲು ವೈನು ಹಳೆಯ ಓಕ್ ಪೀಪಾಯಿಗಳಲ್ಲಿ ಹುದುಗುತ್ತದೆ, ಹಿಂದಿನ ಸುಗ್ಗಿಗಳ ಮೀಸಲು ವೈನನ್ನು ವರ್ಷಗಟ್ಟಲೆ ದೊಡ್ಡ ಬಾಟಲಿಗಳಲ್ಲಿ ಕಾದಿಡುತ್ತಾರೆ. ಸುಟ್ಟ ಸೇಬು, ಆಕ್ರೋಟ, ಗಟ್ಟಿಯಾದ ಮೈ. ಊಟದ ಜೊತೆ ನಿಲ್ಲುವ ತಾಕತ್ತಿರುವುದು ಇಂಥದಕ್ಕೆ. ಟೆಟಿಂಜೆ ಇದರ ಎದುರು ತುದಿ. ಅಲ್ಲಿ ಶಾರ್ಡೊನೆ ಪಾಲು 40 ಪ್ರತಿಶತ, ಆದ್ದರಿಂದ ಹಗುರ, ಹೂವಿನಂತೆ. 1729ರಲ್ಲಿ ಸ್ಥಾಪನೆಯಾದ, ಶಾಂಪೇನ್ ಮನೆತನಗಳಲ್ಲೇ ಹಿರಿಯದಾದ ರುಯಿನಾರ್ ತನ್ನ ಬ್ಲಾಂ ದ ಬ್ಲಾಂ ಬಾಟಲಿಯಲ್ಲಿ ಶಾರ್ಡೊನೆ ಒಂದನ್ನೇ ಬಳಸುತ್ತದೆ. ಚರ್ಚಿಲ್ ಮೆಚ್ಚಿದ ಪೋಲ್ ರೋಜೆಯಲ್ಲಿ ಮೂರು ದ್ರಾಕ್ಷಿಗೂ ಸಮಪಾಲು. ಮಮ್ ಕಂಪನಿಯ ಕೆಂಪು ಪಟ್ಟಿಯ ಬಾಟಲಿ ಕಾರು ರೇಸಿನ ವೇದಿಕೆಯಲ್ಲಿ ಬಹುಕಾಲ ಚೆಲ್ಲಾಡಿ ಹೆಸರು ಮಾಡಿತು, ರುಚಿಯಲ್ಲಿ ಮಧ್ಯಮ.

ನೆಲಮಾಳಿಗೆಯಲ್ಲಿ ಕಳೆದ ಕಾಲವೇ ದರ್ಜೆ ಬೇರ್ಪಡಿಸುವ ದೊಡ್ಡ ಅಳತೆ. ವರ್ಷ ಬರೆಯದ ಸಾಮಾನ್ಯ ಶಾಂಪೇನಿಗೆ ನಿಯಮದ ಪ್ರಕಾರ ಕನಿಷ್ಠ 15 ತಿಂಗಳು, ಒಂದೇ ವರ್ಷದ ಸುಗ್ಗಿಯಿಂದ ಮಾಡಿ ವರ್ಷ ನಮೂದಿಸಿದ್ದಕ್ಕೆ 3 ವರ್ಷ. ಮೊಯೆಟ್ ಸುಮಾರು 2 ವರ್ಷ ಇಡುತ್ತದೆ, ಬೊಲ್ಲಿಂಜೆ 3 ವರ್ಷ ದಾಟಿಸುತ್ತದೆ, ಕ್ರುಗ್ ಮನೆತನದ ಗ್ರಾಂಡ್ ಕ್ಯೂವೆ 7 ವರ್ಷದ ಸುತ್ತಮುತ್ತ ಮಲಗಿರುತ್ತದೆ. ಕ್ರುಗ್ ಬೆರಕೆಯಲ್ಲಿ ಹತ್ತಕ್ಕೂ ಹೆಚ್ಚು ಸುಗ್ಗಿಗಳ ನೂರಿಪ್ಪತ್ತರಷ್ಟು ಬೇರೆ ಬೇರೆ ವೈನುಗಳು ಕೂಡಿರುತ್ತವೆ. ಡಾಮ್ ಪೆರಿನ್ಯೋನ್ ಕೂಡ ವರ್ಷಗಟ್ಟಲೆ ಕಾಯಿಸಿದ್ದೇ. ಅಂದರೆ ದುಬಾರಿ ಬಾಟಲಿಗೆ ಕೊಳ್ಳುವವನು ಪಾವತಿಸುವುದರಲ್ಲಿ ದೊಡ್ಡ ಭಾಗ ಬಡ್ಡಿ, ಇನ್ನೊಂದು ಭಾಗ ಜಾಹೀರಾತು. ಬಡ್ಡಿಯ ಪಾಲು ನಾಲಗೆಗೆ ತಿಳಿಯುತ್ತದೆ, ಜಾಹೀರಾತಿನದು ತಿಳಿಯುವುದಿಲ್ಲ. ಮೊಯೆಟ್‌ನಿಂದ ಬೊಲ್ಲಿಂಜೆಗೆ ಏರುವಾಗ ಕೊಟ್ಟ ಹಣಕ್ಕೆ ಎದ್ದುಕಾಣುವ ರುಚಿ ಸಿಗುತ್ತದೆ. ಬೊಲ್ಲಿಂಜೆಯಿಂದ ಡಾಮ್ ಪೆರಿನ್ಯೋನಿಗೆ ಏರುವಾಗ ಅಂತರ ಇದ್ದರೂ ಹಣ ಜಿಗಿದಷ್ಟು ಜಿಗಿಯುವುದಿಲ್ಲ.

ಬೆರಕೆ ಎಂದಾಗ ಶಾಂಪೇನನ್ನು ಕಂಡೇ ಇರದ ನಿಪ್ಪಾಣಿಯವರಿಗೂ ವಿಷಯ ಅರ್ಥವಾಗುತ್ತದೆ. ಅಲ್ಲಿಯ ತಂಬಾಕಿನ ವಖಾರಿಗಳಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ಖಾರದ ಜರ್ದಾವನ್ನು ಹದ ನೋಡಿ ಕೂಡಿಸುತ್ತಾರೆ. ಮಳೆ ಹೆಚ್ಚಿರಲಿ ಕಡಿಮೆಯಿರಲಿ, ಒಂದು ಮಾರ್ಕಿನ ಬೀಡಿ ಸೇದುವವನಿಗೆ ಪ್ರತಿ ವರ್ಷ ಅದೇ ರುಚಿ ಸಿಗಬೇಕು. ಹಳದಿ ಲೇಬಲ್ಲಿನ ಬಾಟಲಿಯ ಹಿಂದಿನ ಜಾಣತನವೂ ಇದೇ.

ಸಾಮ್ಯ ಅಷ್ಟಕ್ಕೇ ನಿಲ್ಲುವುದಿಲ್ಲ. ಶಾಂಪೇನ್ ಸೀಮೆಯಲ್ಲಿ ದೊಡ್ಡ ಮನೆತನಗಳ ಕೈಯಲ್ಲಿರುವ ತೋಟ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಉಳಿದದ್ದು ಸಾವಿರಾರು ಸಣ್ಣ ಬೆಳೆಗಾರರದು. ಮಾರಾಟದ ಬಹುಪಾಲು ಮಾತ್ರ ಮನೆತನಗಳದು. ಹೊರಗಿನಿಂದ ಅಗ್ಗದ ದ್ರಾಕ್ಷಿ ತಂದು ಶಾಂಪೇನ್ ಎಂದು ಮಾರುತ್ತಿದ್ದಾರೆಂದು 1911ರಲ್ಲಿ ಬೆಳೆಗಾರರು ದಂಗೆಯೆದ್ದು ಆಯ್ ಊರಿನ ಮಾಳಿಗೆಗಳಿಗೆ ನುಗ್ಗಿದರು, ಬೀದಿಯಲ್ಲಿ ವೈನು ಹರಿಯಿತು. ಶಾಂಪೇನಿನ ಗಡಿ ಅಂತಿಮವಾಗಿ ಕಾನೂನಾದದ್ದು 1927ರಲ್ಲಿ. ಇತ್ತ ನಿಪ್ಪಾಣಿಯ ತಂಬಾಕು ಬೆಳೆಗಾರರು ರೈತ ನಾಯಕ ಶರದ್ ಜೋಶಿಯವರ ಮುಂದಾಳತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತದ್ದು 1981ರಲ್ಲಿ. ವ್ಯಾಪಾರಿಗಳ ದರದ ಕಟ್ಟುಪಾಡಿನ ವಿರುದ್ಧದ ಆ ಹೋರಾಟ ಗೋಲಿಬಾರಿನಲ್ಲಿ ಮುಗಿಯಿತು, ರೈತರು ಜೀವ ಕಳೆದುಕೊಂಡರು. ಶಾಂಪೇನ್ ಬೆಳೆಗಾರರಿಗೆ ಸಿಕ್ಕಂಥ ಕಾನೂನಿನ ಗೋಡೆ ಇಲ್ಲಿಯವರಿಗೆ ಸಿಗಲಿಲ್ಲ.

ಮನೆತನ ಮತ್ತು ಬೆಳೆಗಾರರ ನಡುವಿನ ಈ ಭೇದ ತಿಳಿದರೆ ಕೊಳ್ಳುವವರಿಗೆ ಒಂದು ಉಪಯೋಗವಿದೆ. ಫ್ರೆಂಚ್ ಲೇಬಲ್ಲಿನ ಅಂಚಿನಲ್ಲಿ ಬರಿಗಣ್ಣಿಗೆ ಕಷ್ಟದಲ್ಲಿ ಕಾಣುವ ಎರಡು ಅಕ್ಷರಗಳಿರುತ್ತವೆ. ಎನ್‌ಎಂ ಎಂದಿದ್ದರೆ ಹಣ್ಣು ಕೊಂಡು ಮಾಡುವ ಕಂಪನಿಯದು, ಆರ್‌ಎಂ ಎಂದಿದ್ದರೆ ತನ್ನ ತೋಟದ ಹಣ್ಣಿನಿಂದ ಬೆಳೆಗಾರನೇ ಮಾಡಿದ್ದು. ವಿದೇಶದಲ್ಲಿರುವ ಬಂಧುವಿಗೆ ಹೇಳಿ ತರಿಸುವುದಾದರೆ ಅಷ್ಟೇ ಹಣಕ್ಕೆ ಒಳ್ಳೆಯ ಆರ್‌ಎಂ ಬಾಟಲಿ ಹುಡುಕಿಸುವುದು ಜಾಣತನ. ಹೆಸರು ಯಾರೂ ಕೇಳಿರುವುದಿಲ್ಲ, ಫೋಟೊದಲ್ಲಿ ಮೆರೆಯುವುದಿಲ್ಲ, ಅದೊಂದೇ ಕೊರತೆ.

ದೇಶಿ ಬಾಟಲಿಗಳ ಕತೆ ಮಹಾರಾಷ್ಟ್ರದ ನಾರಾಯಣಗಾಂವದಿಂದ ಶುರು. ಶ್ಯಾಮರಾವ್ ಚೌಗುಲೆ 1980ರ ದಶಕದಲ್ಲಿ ಪೈಪರ್-ಹೈಡ್ಸಿಕ್ ಮನೆತನದ ತಜ್ಞರ ನೆರವಿನಿಂದ ಬಾಟಲಿಯಲ್ಲೇ ಹುದುಗಿಸಿದ ಸ್ಪಾರ್ಕ್ಲಿಂಗ್ ವೈನ್ ಮಾಡಿದರು. ಹೊರದೇಶಗಳಿಗೆ ಅದು ಓಮರ್ ಖಯ್ಯಾಮ್ ಹೆಸರಿನಲ್ಲಿ ಹೋಯಿತು, ಇಂಗ್ಲೆಂಡಿನಲ್ಲೂ ಮೆಚ್ಚುಗೆ ಗಳಿಸಿತು. ಚೌಗುಲೆಯವರ ಕಂಪನಿ 2010ರ ಆಸುಪಾಸಿನಲ್ಲಿ ಸಾಲದ ಹೊರೆಗೆ ಕುಸಿಯಿತು.

ಕರ್ನಾಟಕಕ್ಕೂ ಶಾಂಪೇನಿನ ನಂಟಿದೆ, ಆದರೆ ಅದು ನಂದಿ ಬೆಟ್ಟದ ಬುಡದಲ್ಲಿ. ಮಮ್ ಕಂಪನಿಯ ತೋಟಗಳನ್ನು ನೋಡಿಕೊಂಡಿದ್ದ, ಬೂಜಿ ಊರಿನ ಜಾರ್ಜ್ ವೆಸ್ಸೆಲ್ ಅವರೇ ಕಂವಲ್ ಗ್ರೋವರ್ ಅವರಿಗೆ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ ಆರಿಸಿಕೊಟ್ಟವರು. 1988ರಲ್ಲಿ ಸ್ಥಾಪನೆಯಾದ ಗ್ರೋವರ್ ವೈನ್ಯಾರ್ಡ್ಸ್‌ನಲ್ಲಿ 1990ರ ದಶಕದಲ್ಲಿ ವೂವ್ ಕ್ಲಿಕೊ ಸಣ್ಣ ಪಾಲನ್ನೂ ಕೊಂಡಿತ್ತು. ಇಷ್ಟಾದರೂ ಗ್ರೋವರ್ ಹೆಸರು ಮಾಡಿದ್ದು ಲಾ ರಿಸರ್ವ್ ಎಂಬ ಕೆಂಪು ವೈನಿನಲ್ಲಿ. ಅವರ ಗುಳ್ಳೆಯ ಬಾಟಲಿ ಬಂದದ್ದು 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದಿಗೆ ಕೂಡಿಕೊಂಡ ಮೇಲೆ, ಜಂಪಾ ಸ್ವಾರೇ ಹೆಸರಿನಲ್ಲಿ.

ಇಂದಿನ ಕಪಾಟಿನಲ್ಲಿ ನಿಜವಾದ ಪೈಪೋಟಿ ಸುಲಾ ಕಂಪನಿಯ ಬ್ರೂಟ್ ಮತ್ತು ಚಾಂಡನ್ ನಡುವೆ. ಚಾಂಡನ್ ಎಂದರೆ ಮೊಯೆಟ್ ಒಡೆತನದ ಬಳಗವೇ ನಾಸಿಕ್ ಜಿಲ್ಲೆಯ ದಿಂಡೋರಿಯಲ್ಲಿ ಮಾಡುವ ಬಾಟಲಿ, ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಚೆನಿನ್ ಬ್ಲಾಂ, ಶಾರ್ಡೊನೆ, ಪಿನೊ ನ್ವಾರ್ ಸೇರಿದ ಇದರ ಬ್ರೂಟ್ ಶುಚಿಯಾಗಿದೆ, ಗುಳ್ಳೆ ಸಣ್ಣ, ಹುಳಿ ಹಿತ. ಅದೇ ಬಳಗದ ಫ್ರೆಂಚ್ ಮೊಯೆಟ್ ಒಂದರ ಬೆಲೆಗೆ ಇಂಥವು ಮೂರ್ನಾಲ್ಕು ಬರುತ್ತವೆ. ಸುಲಾ ಬ್ರೂಟ್ ಹೆಚ್ಚು ಹಣ್ಣುಗಂಪಿನದು, ಪೇರಲದ ಘಮ ಸುಳಿಯುತ್ತದೆ, ನೊರೆ ತುಸು ಒರಟು. ಎರಡನ್ನೂ ಬಾಟಲಿಯಲ್ಲೇ ಹುದುಗಿಸುತ್ತಾರೆ. ಎರಡರಲ್ಲೂ ಇಲ್ಲದಿರುವುದು ಶಾಂಪೇನಿನ ಉದ್ದ: ನುಂಗಿದ ಮೇಲೂ ಬಾಯಲ್ಲಿ ನಿಲ್ಲುವ ಸೀಮೆಸುಣ್ಣದಂಥ ಒಣ ತುದಿ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಬಳಿಯ ಫ್ರಾಟೆಲ್ಲಿಯೂ ಗುಳ್ಳೆಯ ವೈನು ಮಾಡುತ್ತದೆ. ಅಥಣಿಗೆ ಅದು ನಾಸಿಕ್‌ಗಿಂತ ಹತ್ತಿರದ ತೋಟ, ಹವೆಯೂ ಅಥಣಿಯ ಪೂರ್ವ ಭಾಗಕ್ಕೆ ಹತ್ತಿರದ್ದು. ಗಡಿನಾಡಿನ ಮನೆಯೊಂದು ವರ್ಷಕ್ಕೊಂದು ಬಾಟಲಿ ತೆರೆಯುವುದಾದರೆ ಚಾಂಡನ್ ಬ್ರೂಟ್ ಸಾಕು. ಫ್ರೆಂಚ್ ಆಮದು ವೈನಿನ ಮೇಲೆ ಬಹುಕಾಲ ಇದ್ದ 150 ಪ್ರತಿಶತ ಕಸ್ಟಮ್ಸ್ ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ ಸೇರಿದ ಬೆಲೆಯನ್ನು ರುಚಿಯ ಬೆಲೆ ಎಂದು ತಿಳಿಯಬೇಕಿಲ್ಲ.

ಗಡಿಯ ತೊಡಕು ಬೇರೆ ಇದೆ. ಕಾಗವಾಡದಿಂದ ಮಿರಜ, ನಿಪ್ಪಾಣಿಯಿಂದ ಕೊಲ್ಹಾಪುರ ಕೂಗಳತೆಯಲ್ಲಿದ್ದರೂ ಒಂದು ರಾಜ್ಯದ ಮದ್ಯವನ್ನು ಪರವಾನಗಿಯಿಲ್ಲದೆ ಇನ್ನೊಂದಕ್ಕೆ ಒಯ್ಯಲು ಅಬಕಾರಿ ಕಾಯ್ದೆ ಅಡ್ಡ ಬರುತ್ತದೆ, ಗೋವಾದಿಂದ ತರುವವರಿಗೂ ಅದೇ ತಂಟೆ. ಊರಿನ ಅಂಗಡಿಯಲ್ಲೇ ಕೊಳ್ಳುವುದಾದರೆ ಬಾಟಲಿ ಎಲ್ಲಿ ನಿಂತಿತ್ತು ಎಂದು ನೋಡಬೇಕು. ವೈನ್ ಶಾಪ್ ಎಂಬ ಫಲಕದ ಕೆಳಗೆ ವೈನು ಅಪರೂಪ; ಇದ್ದ ಒಂದೆರಡು ಬಾಟಲಿಯೂ ಎಪ್ರಿಲ್-ಮೇ ಬಿಸಿಲನ್ನು ಟ್ಯೂಬ್‌ಲೈಟಿನ ಕೆಳಗೆ ಕಳೆದಿರುತ್ತವೆ. ಬಿಸಿ ಮತ್ತು ಬೆಳಕು ಎರಡೂ ಶಾಂಪೇನಿನ ವೈರಿಗಳು. ಒಂದು ಬೇಸಿಗೆ ಹೀಗೆ ಕಳೆದ ಕ್ರುಗ್‌ಗಿಂತ ನೆರಳಲ್ಲಿದ್ದ ಹೊಸ ಸುಲಾ ಮೇಲು. ಕುಡಿಯುವಾಗ 8ರಿಂದ 10 ಡಿಗ್ರಿ ತಂಪಿರಲಿ, ಲೋಟದಲ್ಲಿ ಸೋಪಿನ ಅಂಶ ಇರದಿರಲಿ, ಇದ್ದರೆ ನೊರೆ ಸಾಯುತ್ತದೆ. ತೆರೆಯುವಾಗ ಕಾರ್ಕನ್ನು ಗಟ್ಟಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು.

ಕೊನೆಯದಾಗಿ ಅಥಣಿಯ ತೋಟಗಳ ಮಾತು. ಕರ್ನಾಟಕ 2007ರಲ್ಲಿ ವೈನ್ ನೀತಿ ತಂದು ಮಂಡಳಿ ಕಟ್ಟಿದಾಗ ಕೃಷ್ಣಾ ಕಣಿವೆಯ ಹೆಸರೂ ಅದರಲ್ಲಿತ್ತು. ತೆಲಸಂಗದ ಸುತ್ತ ಮೈಲುಗಟ್ಟಲೆ ದ್ರಾಕ್ಷಿಯಿದೆ. ಆದರೆ ಅದು ಥಾಮ್ಸನ್ ಸೀಡ್‌ಲೆಸ್, ಅದರಿಂದ ಸಾಂಗ್ಲಿ ಸೀಮೆಯಲ್ಲಿ ಹುಟ್ಟಿದ ತಾಸ್-ಎ-ಗಣೇಶ, ಸೊಲ್ಲಾಪುರದ ಸೋನಾಕಾ. ಎಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿಸಿ, ಹಣ್ಣಿನಲ್ಲಿ ಸಕ್ಕರೆ 22 ಬ್ರಿಕ್ಸ್ ದಾಟುವವರೆಗೆ ರೈತ ಕಾಯುತ್ತಾನೆ. ಶಾಂಪೇನಿನವನು ಕೊಯ್ಯುವುದು 17-18ರಲ್ಲೇ, ಹುಳಿ ಇನ್ನೂ ಉಳಿದಿರುವಾಗ. ಇಲ್ಲಿಯ ಬಿಸಿಗೆ ಆ ಹುಳಿ ವಾರದೊಳಗೆ ಇಳಿದುಹೋಗುತ್ತದೆ. ತಳಿಯೂ ಬೇರೆ, ಹದವೂ ಬೇರೆ. ಮೇಲಾಗಿ ಶೇಡಬಾಳ, ಸದಲಗಾ ಸೀಮೆಯ ಜೈನ ಮನೆಗಳಲ್ಲಿ, ಲಿಂಗಾಯತ ಮಠಗಳ ನೆರಳಿನಲ್ಲಿ ಮದ್ಯ ಮುಟ್ಟದ ಬೆಳೆಗಾರರು ಬಹಳ. ಮನೂಕ, ಅಂದರೆ ಒಣದ್ರಾಕ್ಷಿ, ಮಾಡಲು ಅವರಿಗೆ ಯಾವ ಅಳುಕೂ ಇಲ್ಲ.

ಲೆಕ್ಕ ನೋಡಿದರೂ ರೈತನ ಹಿಂಜರಿಕೆ ತಪ್ಪೆನಿಸುವುದಿಲ್ಲ. ನಾಲ್ಕು ಕಿಲೊ ಹಣ್ಣನ್ನು ಡಿಪ್ಪಿಂಗ್ ಆಯಿಲಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಎರಡು ವಾರ ಒಣಗಿಸಿದರೆ ಒಂದು ಕಿಲೊ ಮನೂಕ. ದರ ಬಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ತಾಸಗಾಂವ, ಸಾಂಗ್ಲಿ, ವಿಜಯಪುರದ ಹರಾಜಿಗೆ ತಿಂಗಳುಗಟ್ಟಲೆ ಕಾಯಬಹುದು. ಶಾಂಪೇನಿನ ನಿಯಮದಲ್ಲಿ 4,000 ಕಿಲೊ ಹಣ್ಣಿನಿಂದ 2,550 ಲೀಟರ್ ರಸ ಮಾತ್ರ ಹಿಂಡಬಹುದು, ಅಂದರೆ ಬಾಟಲಿಗೆ 1.2 ಕಿಲೊ ಹಣ್ಣು. ಹಣ್ಣು ಕಡಿಮೆ ಸಾಕು, ಆದರೆ ವೈನಿನ ದ್ರಾಕ್ಷಿ ಕೊಯ್ದ ದಿನವೇ ಕಾರ್ಖಾನೆ ಮುಟ್ಟಬೇಕು, ಕೊಳ್ಳುವವನೂ ಒಬ್ಬನೇ. ಸಾಂಗ್ಲಿ ಜಿಲ್ಲೆಯ ಪಲೂಸ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಕೃಷ್ಣಾ ಕಣಿವೆಯ ವೈನ್ ಪಾರ್ಕನ್ನೇ ತೆರೆಯಿತು, ಅದು ನಾಸಿಕ್‌ನ ಹಾಗೆ ಬೆಳೆಯಲಿಲ್ಲ. ಕಬ್ಬಿನ ಬಿಲ್ಲಿಗಾಗಿ ಒಂದೇ ಕಾರ್ಖಾನೆಯ ಬಾಗಿಲು ಕಾದು ರೂಢಿಯಿರುವ ರಾಯಬಾಗ, ಚಿಕ್ಕೋಡಿಯ ರೈತರಿಗೆ ಆ ಪರಿಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ.